ವಾಹನ ಪ್ರಶ್ನೋತ್ತರ: ಘಾಟಿ ರಸ್ತೆಯಲ್ಲಿ ಅಡಾಪ್ಟಿವ್ ಸಸ್ಪೆನ್ಷನ್

ಪ್ರಶ್ನೆ: ಮಗ ಬೆಂಗಳೂರಿನಿಂದ ತಂದ ಐಷಾರಾಮಿ ಕಾರಿನಲ್ಲಿ ಈಚೆಗೆ ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗಿಬಂದೆವು. ಅದರಲ್ಲಿ ಅಡಾಪ್ಟಿವ್ ಸಸ್ಪೆನ್ಷನ್ ಇದೆಯಂತೆ. ಗುಂಡಿಗಳಲ್ಲಿ ಮೆತ್ತಗೆ ಸಾಗುವ ಕಾರು ತಿರುವಿನಲ್ಲಿ ಮಾತ್ರ ಅಷ್ಟೊಂದು ವಾಲದೆ ಬಿಗಿಯಾಗಿ ನಿಲ್ಲುತ್ತದೆ. ಮೆತ್ತಗಿದ್ದರೆ ವಾಲಬೇಕು, ಬಿಗಿಯಾಗಿದ್ದರೆ ಕುಲುಕಬೇಕು. ಎರಡೂ ಗುಣ ಒಂದೇ ಕಾರಿನಲ್ಲಿ ಹೇಗೆ ಬಂದವು?
– ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ಬೆಳೆಗಾರರು

ಉತ್ತರ: ಸಾಮಾನ್ಯ ಕಾರಿನ ಮಟ್ಟಿಗೆ ನಿಮ್ಮ ತರ್ಕ ಪೂರ್ತಿ ಸರಿ. ಅಲ್ಲಿ ಒಂದನ್ನು ಪಡೆಯಲು ಇನ್ನೊಂದನ್ನು ಸ್ವಲ್ಪ ಬಿಟ್ಟುಕೊಡಲೇಬೇಕು. ಕಾರಿನ ಭಾರವನ್ನು ಹೊರುವುದು ಸ್ಪ್ರಿಂಗ್. ಆದರೆ ಒಮ್ಮೆ ಕುಗ್ಗಿದ ಸ್ಪ್ರಿಂಗ್ ತಾನಾಗಿ ಬೇಗ ನಿಲ್ಲುವುದಿಲ್ಲ, ಪುಟಿಯುತ್ತಲೇ ಇರುತ್ತದೆ. ಆ ಪುಟಿತವನ್ನು ಅಡಗಿಸುವ ಕೆಲಸ ಶಾಕ್ ಅಬ್ಸಾರ್ಬರಿನದು. ಅದರೊಳಗಿನ ಕೊಳವೆಯಲ್ಲಿ ಎಣ್ಣೆ ತುಂಬಿರುತ್ತದೆ, ಎಣ್ಣೆಯಲ್ಲಿ ಮುಳುಗಿದ ಪಿಸ್ಟನ್ನಿಗೆ ಸಣ್ಣ ರಂಧ್ರಗಳೂ ವಾಲ್ವ್‌ಗಳೂ ಇರುತ್ತವೆ. ಚಕ್ರ ಮೇಲೆ ಕೆಳಗೆ ಆಡಿದಾಗ ಎಣ್ಣೆ ಆ ಕಿರಿದಾದ ದಾರಿಯಲ್ಲೇ ನುಸುಳಬೇಕಾಗುತ್ತದೆ. ಸೈಕಲ್ ಪಂಪಿನ ಬಾಯನ್ನು ಬೆರಳಿನಿಂದ ಅರ್ಧ ಮುಚ್ಚಿ ಹಿಡಿಕೆ ಒತ್ತಿದಾಗ ಕೈಗೆ ಸಿಗುವ ಬಿಗಿತದಂಥದ್ದೇ ತಡೆ ಅಲ್ಲಿ ಹುಟ್ಟಿ, ಪುಟಿತದ ಶಕ್ತಿ ಶಾಖವಾಗಿ ಕರಗಿಹೋಗುತ್ತದೆ. ಸಾಮಾನ್ಯ ಶಾಕ್ ಅಬ್ಸಾರ್ಬರಿನಲ್ಲಿ ಈ ತಡೆ ಎಷ್ಟಿರಬೇಕೆಂಬುದು ಕಾರ್ಖಾನೆಯಲ್ಲೇ ತೀರ್ಮಾನವಾಗಿರುತ್ತದೆ. ಮಂಡಗದ್ದೆಯ ನೇರ ರಸ್ತೆಗೂ ಆಗುಂಬೆಯ ಹೇರ್‌ಪಿನ್ ತಿರುವಿಗೂ ಅದೇ ಒಂದು ಲೆಕ್ಕ.

ಅಡಾಪ್ಟಿವ್ ವ್ಯವಸ್ಥೆಯಲ್ಲಿ ಈ ತಡೆಯನ್ನು ಕಾರು ಓಡುತ್ತಿರುವಾಗಲೇ ಬದಲಾಯಿಸಬಹುದು. ಹೆಚ್ಚಿನ ಕಾರುಗಳಲ್ಲಿ ವಿದ್ಯುತ್ತಿನಿಂದ ನಡೆಯುವ ವಾಲ್ವ್ ಎಣ್ಣೆಯ ದಾರಿಯನ್ನು ಹಿಗ್ಗಿಸುತ್ತದೆ ಇಲ್ಲವೇ ಕುಗ್ಗಿಸುತ್ತದೆ. ಇನ್ನೊಂದು ವಿಧಾನದಲ್ಲಿ ವಾಲ್ವ್ ಬದಲಾಗುವುದಿಲ್ಲ, ಎಣ್ಣೆಯೇ ಬದಲಾಗುತ್ತದೆ: ಅತಿ ಸೂಕ್ಷ್ಮವಾದ ಕಬ್ಬಿಣದ ಕಣಗಳನ್ನು ಬೆರೆಸಿದ ಎಣ್ಣೆಯ ಸುತ್ತ ಸುರುಳಿಯೊಂದರಲ್ಲಿ ವಿದ್ಯುತ್ ಹರಿಸಿದ ಕೂಡಲೇ ಕಣಗಳು ಕಾಂತಕ್ಷೇತ್ರದಲ್ಲಿ ಸಾಲುಗಟ್ಟಿ ಎಣ್ಣೆಯ ಹರಿವನ್ನು ತಡೆಯುತ್ತವೆ, ವಿದ್ಯುತ್ ನಿಂತೊಡನೆ ಎಣ್ಣೆ ಮೊದಲಿನಂತೆ ತೆಳುವಾಗುತ್ತದೆ. 2002ರ ಕ್ಯಾಡಿಲಾಕ್ ಸೆವಿಲ್ ಕಾರಿನಲ್ಲಿ ಬಂದ ಈ ತಂತ್ರವನ್ನು ಮುಂದೆ ಆಡಿ ಮೊದಲಾದ ಕಂಪನಿಗಳೂ ಬಳಸಿದವು. ಎರಡೂ ವಿಧಾನಗಳಲ್ಲಿ ಬದಲಾವಣೆಗೆ ಬೇಕಾಗುವ ಸಮಯವನ್ನು ಮಿಲಿಸೆಕೆಂಡುಗಳಲ್ಲೇ ಎಣಿಸಬೇಕು.

ಯಾವ ಕ್ಷಣದಲ್ಲಿ ಬಿಗಿ, ಯಾವ ಕ್ಷಣದಲ್ಲಿ ಸಡಿಲ ಎಂಬ ನಿರ್ಧಾರದಲ್ಲೇ ಇದರ ಜಾಣ್ಮೆಯೆಲ್ಲ ಅಡಗಿದೆ. ಅಮೆರಿಕದ ಡೀನ್ ಕಾರ್ನಾಪ್ ಮತ್ತು ಸಂಗಡಿಗರು 1974ರಲ್ಲಿ ಪ್ರಕಟಿಸಿದ ಲೇಖನವೊಂದು ಇದಕ್ಕೆ ಬುನಾದಿ ಹಾಕಿತು. ಕಾರಿನ ಒಡಲನ್ನು ಆಕಾಶದ ಒಂದು ಸ್ಥಿರ ಬಿಂದುವಿಗೆ ಶಾಕ್ ಅಬ್ಸಾರ್ಬರಿನಿಂದ ಕಟ್ಟಿದ್ದರೆ ರಸ್ತೆ ಹೇಗಿದ್ದರೂ ಒಡಲು ಹೆಚ್ಚು ಅಲುಗುತ್ತಿರಲಿಲ್ಲ ಎಂದು ಅವರು ಕಲ್ಪಿಸಿಕೊಂಡರು. ಆಕಾಶಕ್ಕೆ ಕಟ್ಟಲಾಗದು ನಿಜ. ಆದರೆ ಚಕ್ರಕ್ಕೂ ಒಡಲಿಗೂ ನಡುವೆ ಇರುವ ಶಾಕ್ ಅಬ್ಸಾರ್ಬರನ್ನೇ ಸರಿಯಾದ ಕ್ಷಣಗಳಲ್ಲಿ ಬಿಗಿದು, ಉಳಿದ ಕ್ಷಣಗಳಲ್ಲಿ ಸಡಿಲ ಬಿಟ್ಟರೆ ಆ ಫಲಕ್ಕೆ ಬಹಳ ಹತ್ತಿರ ಬರಬಹುದು. ಚಕ್ರ ಉಬ್ಬನ್ನು ಹತ್ತುವಾಗ ಅದು ಒಡಲನ್ನು ಮೇಲಕ್ಕೆ ತಳ್ಳುತ್ತದೆ, ಆಗ ಸಡಿಲವಿರಬೇಕು. ಉಬ್ಬು ದಾಟಿ ಚಕ್ರ ಕೆಳಗಿಳಿಯುತ್ತಿದ್ದರೂ ಒಡಲು ಇನ್ನೂ ಮೇಲೇರುತ್ತಿದ್ದರೆ ಅದನ್ನು ಹಿಡಿದು ನಿಲ್ಲಿಸಬೇಕು, ಆಗ ಬಿಗಿಯಬೇಕು. ಒಂದು ರಸ್ತೆ ಹಂಪ್ ದಾಟುವಷ್ಟರಲ್ಲಿ ಹೀಗೆ ಹಲವು ಬಾರಿ ಆಗುತ್ತದೆ.

ನೀವು ಇಳಿದ ಘಾಟಿಯ ಒಂದು ತಿರುವನ್ನೇ ತೆಗೆದುಕೊಳ್ಳಿ. ಚಾಲಕ ಬ್ರೇಕ್ ಒತ್ತಿದೊಡನೆ ಭಾರ ಮುಂದಕ್ಕೆ ಸರಿದು ಮೂತಿ ಬಾಗತೊಡಗುತ್ತದೆ. ಬ್ರೇಕಿನ ಒತ್ತಡದಿಂದಲೇ ಇದನ್ನು ತಿಳಿದ ಕಂಪ್ಯೂಟರ್ ಮುಂದಿನ ಎರಡು ಶಾಕ್ ಅಬ್ಸಾರ್ಬರುಗಳನ್ನು ಬಿಗಿದು ಆ ಬಾಗನ್ನು ನಿಧಾನಗೊಳಿಸುತ್ತದೆ. ಸ್ಟಿಯರಿಂಗ್ ತಿರುಗಿದಾಗ ಭಾರ ಹೊರಬದಿಗೆ ಹೋಗುತ್ತದೆ, ಸ್ಟಿಯರಿಂಗ್ ಸೆನ್ಸರಿನ ಸೂಚನೆಯಂತೆ ಆ ಬದಿಯನ್ನೂ ಬಿಗಿಯಲಾಗುತ್ತದೆ. ಅಷ್ಟರಲ್ಲಿ ಮಳೆಗೆ ಕಿತ್ತುಹೋದ ಗುಂಡಿಯೊಂದಕ್ಕೆ ಮುಂದಿನ ಚಕ್ರ ಬಿತ್ತೆನ್ನೋಣ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 11 ಮೀಟರ್ ಸಾಗುತ್ತದೆ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 3 ಮೀಟರ್ ಇದ್ದರೆ ಹಿಂದಿನ ಚಕ್ರ ಅದೇ ಗುಂಡಿಯನ್ನು ತಲುಪಲು ಕಾಲು ಸೆಕೆಂಡಿಗಿಂತ ತುಸು ಹೆಚ್ಚು ಸಮಯ ಬೇಕು. ನಮಗೆ ಅದು ಕಣ್ಣು ಮಿಟುಕಿಸುವ ಹೊತ್ತು. ಕಂಪ್ಯೂಟರಿಗೆ ಅದು ಧಾರಾಳ ಸಮಯ. ಮುಂದಿನ ಚಕ್ರದ ಸೆನ್ಸರ್ ತಿಳಿಸಿದ್ದನ್ನು ಲೆಕ್ಕ ಹಾಕಿ ನಾಲ್ಕೂ ಚಕ್ರಗಳನ್ನು ಬೇರೆ ಬೇರೆಯಾಗಿ ಹದಗೊಳಿಸಲು ಅಷ್ಟು ಸಾಕು. ನಿಮಗೆ ಒಂದೇ ಕಾಲದಲ್ಲಿ ಎರಡೂ ಗುಣ ಇದ್ದಂತೆ ಅನ್ನಿಸಿದ್ದು ಈ ಕಾರಣದಿಂದ. ವಾಸ್ತವದಲ್ಲಿ ಅವು ಕ್ಷಣಕ್ಷಣಕ್ಕೂ ಸರದಿಯ ಮೇಲೆ ಬರುತ್ತಿದ್ದವು.

ಇದು ಬರಿಯ ಸುಖದ ವಿಷಯವಲ್ಲ ಎಂಬುದನ್ನು ಒತ್ತಿ ಹೇಳಬೇಕು. ಕಾರಿನ ಒಡಲು ಸೆಕೆಂಡಿಗೆ ಸುಮಾರು ಒಂದರಿಂದ ಒಂದೂವರೆ ಸಲ ತೂಗಿದರೆ, ಚಕ್ರ 10ರಿಂದ 15 ಸಲ ಅದುರುತ್ತದೆ. ಹಾಗೆ ಅದುರುವ ಚಕ್ರ ರಸ್ತೆಯನ್ನು ಒತ್ತುವುದು ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ. ಕಡಿಮೆಯಾದ ಕ್ಷಣದಲ್ಲಿ ಬ್ರೇಕಿಗೂ ಸ್ಟಿಯರಿಂಗಿಗೂ ಟೈರಿನ ಹಿಡಿತ ಸಾಲದು. ಒದ್ದೆ ರಸ್ತೆಯ ಇಳಿಜಾರಿನಲ್ಲಿ ಇದರ ಬೆಲೆ ಏನೆಂದು ಮಲೆನಾಡಿನವರಿಗೆ ವಿವರಿಸಬೇಕಾಗಿಲ್ಲ. ಆದ್ದರಿಂದಲೇ ಘಾಟಿ ಬಂತೆಂದು ಹುಮ್ಮಸ್ಸಿನಿಂದ, ಸಸ್ಪೆನ್ಷನ್ನನ್ನು ಹೆಚ್ಚು ಬಿಗಿಯಾಗಿಡುವ ಸ್ಪೋರ್ಟ್ ಮೋಡ್ ಹಾಕುವುದನ್ನು ನಾನು ಒಪ್ಪುವುದಿಲ್ಲ. ಆ ಮೋಡ್ ನುಣುಪಾದ ರಸ್ತೆಗೆ ಹೇಳಿದ್ದು. ಕಿತ್ತುಹೋದ ಡಾಂಬರಿನ ಮೇಲೆ ಅದು ಟೈರನ್ನು ಕುಣಿಸಿ ಹಿಡಿತವನ್ನೇ ಕಡಿಮೆ ಮಾಡಬಲ್ಲದು. ಕಂಫರ್ಟ್ ಅಥವಾ ಆಟೋದಲ್ಲಿ ಬಿಟ್ಟರೆ ತಿರುವಿನಲ್ಲಿ ಬೇಕಾದ ಬಿಗಿತವನ್ನು ಕಾರು ತಾನೇ ತಂದುಕೊಳ್ಳುತ್ತದೆ.

ಪ್ರಶ್ನೆ: ಘಾಟಿ ಇಳಿಯುವಾಗ ನಮ್ಮ ಅಮ್ಮನಿಗೆ ವಾಂತಿ ತಪ್ಪಿದ್ದಲ್ಲ. ಇಂಥ ಸಸ್ಪೆನ್ಷನ್ ಇರುವ ಕಾರು ಕೊಂಡರೆ ನಿಲ್ಲುತ್ತದೆಯೇ?
– ಸಾಗರದ ಓದುಗರು

ಉತ್ತರ: ಅದೊಂದೇ ಕಾರಣಕ್ಕೆ ಇಷ್ಟು ದುಬಾರಿ ಕಾರು ಕೊಳ್ಳಬೇಡಿ. ಮೈಗೆ ನೋವು, ದಣಿವು ತರುವ ಕುಲುಕಾಟ ಬೇರೆ, ಹೊಟ್ಟೆ ತೊಳಸುವ ಓಲಾಟ ಬೇರೆ. ಕುಳಿತವರನ್ನು ಹೆಚ್ಚು ಬಾಧಿಸುವ ಮೇಲು ಕೆಳಗಿನ ಅದುರು ಸೆಕೆಂಡಿಗೆ 4ರಿಂದ 8 ಸಲದ್ದು. ಅದನ್ನು ಒಳ್ಳೆಯ ಸಸ್ಪೆನ್ಷನ್ ಚೆನ್ನಾಗಿ ತಗ್ಗಿಸುತ್ತದೆ. ವಾಂತಿ ಬರಿಸುವುದು ಅದಕ್ಕಿಂತ ಬಹಳ ನಿಧಾನವಾದ, ಎರಡರಿಂದ ಹತ್ತು ಸೆಕೆಂಡಿಗೊಮ್ಮೆ ಬರುವ ಓಲಾಟ. ಘಾಟಿಯಲ್ಲಿ ಅದು ಹುಟ್ಟುವುದು ಮುಖ್ಯವಾಗಿ ತಿರುವಿನ ಎಳೆತದಿಂದ, ಬ್ರೇಕು ಮತ್ತು ಆಕ್ಸಿಲರೇಟರಿನ ಜಗ್ಗಾಟದಿಂದ. ಅಡಾಪ್ಟಿವ್ ಶಾಕ್ ಅಬ್ಸಾರ್ಬರ್ ಕಾರು ವಾಲುವ ವೇಗವನ್ನು ತಗ್ಗಿಸುತ್ತದೆಯೇ ಹೊರತು, ಉದ್ದನೆಯ ತಿರುವಿನಲ್ಲಿ ಕೊನೆಗೆ ಎಷ್ಟು ವಾಲಬೇಕೋ ಅಷ್ಟನ್ನು ತಡೆಯಲಾರದು. ಅದು ಸ್ಪ್ರಿಂಗ್ ಮತ್ತು ಆ್ಯಂಟಿ ರೋಲ್ ಬಾರಿನ (ಎಡ ಬಲ ಚಕ್ರಗಳನ್ನು ಜೋಡಿಸಿ ವಾಲುವುದನ್ನು ತಗ್ಗಿಸುವ ಉಕ್ಕಿನ ಸರಳಿನ) ಕೆಲಸ. ಸ್ವಂತ ಶಕ್ತಿಯಿಂದ ಒಡಲನ್ನೇ ಎತ್ತಿ ಇಳಿಸುವ, 2014ರ ಮರ್ಸಿಡಿಸ್ ಎಸ್ ಕ್ಲಾಸ್ ಕೂಪೆಯಂತೆ ತಿರುವಿನ ಒಳಮುಖಕ್ಕೆ ಕಾರನ್ನು ವಾಲಿಸುವ ವ್ಯವಸ್ಥೆಗಳೂ ಇವೆ, ಆದರೆ ಅವು ಬೇರೆಯೇ ದರ್ಜೆಯವು. ಅಮ್ಮನನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ರಸ್ತೆಯ ಕಡೆಗೆ ದೃಷ್ಟಿ ಇಡಲು ಹೇಳಿ. ತಿರುವಿಗೆ ಮುಂಚೆಯೇ ನಿಧಾನವಾಗಿ ಬ್ರೇಕ್ ಹಿಡಿಯುವ ಚಾಲಕ ಸಿಕ್ಕರೆ ಈಗಿನ ಕಾರಿನಲ್ಲೇ ಬಹಳಷ್ಟು ಸಮಾಧಾನ ಸಿಗುತ್ತದೆ.

ಪ್ರಶ್ನೆ: ಏರ್ ಸಸ್ಪೆನ್ಷನ್ ಇರುವ ಹಳೆಯ ಐಷಾರಾಮಿ ಕಾರೊಂದು ಕಡಿಮೆ ಬೆಲೆಗೆ ಬಂದಿದೆ. ನಮ್ಮ ಮಳೆ, ಕೆಸರಿಗೆ ಅದು ತಾಳುತ್ತದೆಯೇ?
– ಹೊಸನಗರದ ಓದುಗರು

ಉತ್ತರ: ಏರ್ ಸಸ್ಪೆನ್ಷನ್ನಿನಲ್ಲಿ ಉಕ್ಕಿನ ಸ್ಪ್ರಿಂಗ್ ಬದಲು ಗಾಳಿ ತುಂಬಿದ ರಬ್ಬರ್ ಚೀಲಗಳಿರುತ್ತವೆ. ಐದು ಜನ ಕುಳಿತು ಡಿಕ್ಕಿಯಲ್ಲಿ ಸಾಮಾನು ತುಂಬಿದರೂ ಕಂಪ್ರೆಸರ್ ಗಾಳಿ ತುಂಬಿ ಕಾರನ್ನು ಅದೇ ಎತ್ತರದಲ್ಲಿ ನಿಲ್ಲಿಸುತ್ತದೆ, ತೋಟದ ದಾರಿಯಲ್ಲಿ ಇನ್ನಷ್ಟು ಎತ್ತರಿಸಲೂಬಹುದು. ಹುಲಿಕಲ್ ಕಡೆಯ ರಸ್ತೆಗಳಿಗೆ ಇದು ದೊಡ್ಡ ಅನುಕೂಲವೇ. ಆದರೆ ರಬ್ಬರಿಗೆ ವಯಸ್ಸಾಗುತ್ತದೆ, ಅದರ ಮಡಿಕೆಗಳಲ್ಲಿ ಕೆಂಪು ಕೆಸರು ಕುಳಿತು ಉಜ್ಜಿದರೆ ಇನ್ನೂ ಬೇಗ. ಗಾಳಿ ಸೋರತೊಡಗಿದರೆ ಕಂಪ್ರೆಸರ್ ಬಿಡುವಿಲ್ಲದೆ ಓಡಿ ಅದೂ ಸುಡುತ್ತದೆ. ಕೊಳ್ಳುವ ಮುನ್ನ ಕಾರನ್ನು ಸಮತಟ್ಟಾದ ಜಾಗದಲ್ಲಿ ಒಂದು ರಾತ್ರಿ ನಿಲ್ಲಿಸಲು ಕೇಳಿ. ಬೆಳಗ್ಗೆ ಯಾವುದಾದರೂ ಒಂದು ಮೂಲೆ ಕುಸಿದಿದ್ದರೆ ಅಲ್ಲಿ ಸೋರಿಕೆಯಿದೆ. ಶಾಕ್ ಅಬ್ಸಾರ್ಬರಿನ ಮೇಲೆ ಎಣ್ಣೆಯ ಪಸೆ ಇದೆಯೇ, ಚಕ್ರದ ಬಳಿ ಎತ್ತರ ಅಳೆಯುವ ಸೆನ್ಸರಿನ ಸಣ್ಣ ಕಡ್ಡಿ ಬಾಗಿದೆಯೇ ಎಂದು ಕಾರನ್ನು ಲಿಫ್ಟಿಗೇರಿಸಿ ನೋಡಿಸಿ.

ಇನ್ನೊಂದು ಮಾತು ಟೈರಿನ ಬಗ್ಗೆ. ನೋಟಕ್ಕೆಂದು ದೊಡ್ಡ ಅಲಾಯ್ ಚಕ್ರ, ತೆಳು ಅಂಚಿನ ಟೈರ್ ಹಾಕಿಸಿದ್ದರೆ ಗುಂಡಿಯ ಅಂಚಿನ ಮೊದಲ ಪೆಟ್ಟನ್ನು ತಾಳುವ ರಬ್ಬರೇ ಅಲ್ಲಿ ಉಳಿದಿರುವುದಿಲ್ಲ, ಎಷ್ಟು ಚುರುಕಾದ ಸಸ್ಪೆನ್ಷನ್ನಿಗೂ ಆ ಕೊರತೆ ತುಂಬಲಾಗದು. ಕಂಪನಿ ಅನುಮತಿಸುವ ಅತಿ ಚಿಕ್ಕ ಚಕ್ರ, ಅದಕ್ಕೆ ಹೊಂದುವ ಎತ್ತರದ ಟೈರ್ ಹಾಕಿಸಿ. ರಾತ್ರಿ ನಿಲ್ಲಿಸಿ ನೋಡಲು ಮಾರುವವರು ಒಪ್ಪದಿದ್ದರೆ ಆ ಕಾರನ್ನು ಬಿಟ್ಟುಬಿಡುವುದೇ ಒಳ್ಳೆಯದು.