ಹಗ್ಗವೋ ಹಾಳೆಯೋ: ಬ್ರಿಸ್ಟಲ್‌ಗೆ ಬಂದ ತಮ್ಮನಿಗೆ

ಅಕ್ಕ ಎಂದು ಕರೆದು ಬರೆದಿದ್ದೀಯ, ಹಾಗಾಗಿ ‘ನೀನು’ ಎಂದೇ ಬರೆಯುತ್ತೇನೆ. ಶಿರಸಿಯ ಅರಣ್ಯ ಕಾಲೇಜಿನ ಪದವಿ, ಹೆಂಡತಿಗೆ ಇಲ್ಲಿಯ ಆಸ್ಪತ್ರೆಯಲ್ಲಿ ನರ್ಸ್ ಕೆಲಸ, ನಿನಗೆ ಎಂಟು ತಿಂಗಳಿಂದ ಮರ ಕಡಿಯುವ ಕಂಪನಿಯೊಂದರಲ್ಲಿ ಗ್ರೌಂಡ್ಸ್‌ಮನ್, ಅಂದರೆ ನೆಲದ ಮೇಲಿನ ಸಹಾಯಕನ ಕೆಲಸ. ದಿನವಿಡೀ ಕೊಂಬೆ ಎಳೆದು ಅವನ್ನು ಚೂರು ಮಾಡುವ ಚಿಪ್ಪರ್ ಯಂತ್ರಕ್ಕೆ ತುಂಬಿಸಿ ಮನೆಗೆ ಬಂದರೆ ಬೂಟಿನ ದಾರ ಬಿಚ್ಚುವಷ್ಟರಲ್ಲಿ ಕಣ್ಣು ಎಳೆಯುತ್ತದೆ ಎಂದಿದ್ದೀಯ. ಇದರ ನಡುವೆ ಆರ್ಬೊರಿಕಲ್ಚರ್‌ನಲ್ಲಿ, ಅಂದರೆ ಮರಗಳ ಆರೈಕೆಯ ವಿದ್ಯೆಯಲ್ಲಿ, ಯಾವ ಕೋರ್ಸ್ ಸೇರಬೇಕು, ಡಿಗ್ರಿ ಇದ್ದವರು ನೇರವಾಗಿ ಲೆವೆಲ್ 6 ಎಂಬ ಮೇಲಿನ ಹಂತವನ್ನೇ ಮಾಡಬಹುದಂತೆ, ಅದು ಸರಿಯೇ ಎಂಬುದು ನಿನ್ನ ಪ್ರಶ್ನೆ.

ಸೇರಿಸಿಕೊಳ್ಳುವವರು ಸಿಕ್ಕಾರು. ನನ್ನನ್ನೂ ಸೇರಿಸಿಕೊಂಡಿದ್ದರು. ಧಾರವಾಡದಲ್ಲಿ ಸಸ್ಯಶಾಸ್ತ್ರದ ಎಂ.ಎಸ್ಸಿ. ಮಾಡಿದವಳಿಗೆ ಲೆವೆಲ್ 4 ಎಂದರೆ ಅವಮಾನ ಎಂದುಕೊಂಡು ಲೆವೆಲ್ 6ಕ್ಕೆ ಹಣ ಕಟ್ಟಿದೆ. ಮೊದಲ ಅಸೈನ್‌ಮೆಂಟ್‌ನಲ್ಲಿ ಒಂದು ಮನೆ, ಹಿತ್ತಲಲ್ಲಿ ದೊಡ್ಡ ಬೀಚ್ ಮರ, ಅದರ ಬುಡದಲ್ಲಿ ಬೀಸಣಿಗೆಯ ಹಾಗೆ ಹರಡಿದ ಮೆರಿಪಿಲಸ್ ಅಣಬೆ. ಮನೆಯವರಿಗೆ ಸಲಹೆ ಬರೆಯಬೇಕು. ಈ ಅಣಬೆ ಬೇರನ್ನು ಕೆಳಗಿನಿಂದ ತಿನ್ನುತ್ತದೆ, ಮೇಲೆ ಎಲೆ ಹಸಿರಾಗಿದ್ದರೂ ಮರ ಬುಡಮೇಲಾಗಬಹುದು. ಅದರ ಜೀವನಚಕ್ರವನ್ನು ನಾಲ್ಕು ಪುಟ ತುಂಬ ಬರೆದು ಕಳುಹಿಸಿದೆ. ತಿದ್ದಿದವರು ಕೊನೆಯಲ್ಲಿ ಒಂದೇ ಸಾಲು ಬರೆದಿದ್ದರು: ‘ಹಾಗಾದರೆ ಮರವನ್ನು ಕಡಿಸಲೋ ಬೇಡವೋ?’ ಏಳನೆಯ ತಿಂಗಳಿಗೆ ಬಿಟ್ಟೆ. ಕಟ್ಟಿದ ಕಂತು ಹೋಯಿತು. ತಪ್ಪು ಅವರದ್ದಲ್ಲ, ನನ್ನದೇ.

ಇಂಗ್ಲೆಂಡಿನ ಲೆವೆಲ್‌ಗಳು ಹೀಗಿವೆ. 3 ಎಂದರೆ ನಮ್ಮ ಪಿಯುಸಿಯ ಸುಮಾರಿನ ಎತ್ತರ, 4 ಪದವಿಯ ಮೊದಲ ವರ್ಷದ್ದು, 6 ಆನರ್ಸ್ ಪದವಿಯ ಕೊನೆಯದ್ದು. ಆದರೆ ಅದು ಓದಿನ ಎತ್ತರದ ಲೆಕ್ಕ ಮಾತ್ರ. ಯಾವ ಕೆಲಸಕ್ಕೆ ಯಾವುದು ಬೇಕು ಎಂಬುದು ಬೇರೆ ಲೆಕ್ಕ. ಅದಕ್ಕೇ ಕೋರ್ಸ್ ಯಾವುದು ಎಂದು ಕೇಳುವ ಮೊದಲು ಇದನ್ನು ತೀರ್ಮಾನಿಸು: ಮುಂದಿನ ಐದು ವರ್ಷ ನಿನ್ನ ಕೈಯಲ್ಲಿ ಹಗ್ಗ ಇರಬೇಕೋ, ಹಾಳೆ ಇರಬೇಕೋ?

ಹಗ್ಗವಾದರೆ ಡಿಪ್ಲೊಮಾಕ್ಕಿಂತ ಮೊದಲು ಟಿಕೆಟ್ ಬೇಕು. ಚೈನ್ ಸಾ ಎಂಬ ಯಂತ್ರಗರಗಸ ಹಿಡಿಯಲು, ಮರ ಹತ್ತಲು ಪರೀಕ್ಷೆ ಮಾಡಿ ಕೊಡುವ ಪ್ರಮಾಣಪತ್ರಗಳಿಗೆ ಇಲ್ಲಿ ಎಲ್ಲರೂ ಹೇಳುವುದು ಹಾಗೆಯೇ. ಒಂದೊಂದಕ್ಕೂ ಒಂದು ಸಂಖ್ಯೆ: ಸಿಎಸ್ 30 ಯಂತ್ರದ ನಿರ್ವಹಣೆ ಮತ್ತು ಬಿದ್ದ ಮರವನ್ನು ತುಂಡು ಮಾಡುವುದು, 31 ಸಣ್ಣ ಮರ ಉರುಳಿಸುವುದು, 38 ಮರ ಹತ್ತುವುದು ಮತ್ತು ಮೇಲೆ ಸಿಕ್ಕಿಕೊಂಡವರನ್ನು ಇಳಿಸುವುದು, 39 ಹಗ್ಗದಲ್ಲಿ ತೂಗುತ್ತಾ ಗರಗಸ ಹಿಡಿಯುವುದು. ಪ್ರಮಾಣಪತ್ರದ ಮೇಲೆ ಹೆಸರು ಬದಲಾಗಿದ್ದರೂ ಬಾಯಲ್ಲಿ ಈ ಹಳೆಯ ಸಂಖ್ಯೆಗಳೇ ಉಳಿದಿವೆ. ನಿಮ್ಮ ಮನೆಯ ತೋಟದಲ್ಲಿ ಕೊನೆ ಕೊಯ್ಯುವ ಕೊನೆಗೌಡ ಅಡಿಕೆ ಮರದ ತುದಿಯಲ್ಲಿ ಕುಳಿತು ಮರವನ್ನೇ ಬಾಗಿಸಿ ಪಕ್ಕದ ಮರಕ್ಕೆ ಹಾಯುವುದನ್ನು ನೋಡಿ ಬೆಳೆದವನು ನೀನು. ನೀನೂ ಹತ್ತುತ್ತಿದ್ದೆ ಎಂದು ಬರೆದಿದ್ದೀಯ. ಆ ಧೈರ್ಯ ನಿನ್ನ ಆಸ್ತಿ, ಆದರೆ 38 ಇಲ್ಲದೆ ಇಲ್ಲಿ ಯಾರೂ ನಿನ್ನನ್ನು ಮೇಲೆ ಕಳುಹಿಸುವುದಿಲ್ಲ. ಹತ್ತುವ ಹಗ್ಗ, ಬೆಲ್ಟುಗಳನ್ನೂ ಆರು ತಿಂಗಳಿಗೊಮ್ಮೆ ಬಲ್ಲವರಿಂದ ತಪಾಸಣೆ ಮಾಡಿಸಬೇಕೆಂದು ಕಾನೂನೇ ಇದೆ. ಟಿಕೆಟ್‌ಗಳ ಖರ್ಚನ್ನು ಕಂಪನಿ ಕೊಡುತ್ತದೆಯೇ ಎಂದು ಮಾಲೀಕರನ್ನು ಕೇಳು. ಕೊಟ್ಟರೆ, ಎಷ್ಟು ದಿನ ಬಿಟ್ಟು ಹೋಗಬಾರದು ಎಂಬ ಷರತ್ತನ್ನೂ ಓದಿ ಸಹಿ ಮಾಡು.

ಹಾಳೆಯಾದರೆ, ಅಂದರೆ ಮರ ಪರೀಕ್ಷಿಸಿ ವರದಿ ಬರೆಯುವ ಕೆಲಸ, ನಮ್ಮ ನಗರಸಭೆಯಂಥ ಕೌನ್ಸಿಲ್‌ನ ಟ್ರೀ ಆಫೀಸರ್ ಕೆಲಸ, ಆಗ ನನ್ನ ಮಾತು ಲೆವೆಲ್ 4. ಮರದ ಶರೀರಶಾಸ್ತ್ರ, ಮಣ್ಣು, ರೋಗ, ಕಾನೂನು, ಸಮೀಕ್ಷೆ, ವರದಿ. ಲೆವೆಲ್ 6 ಬಿಟ್ಟ ಮೇಲೆ ನಾನು ಮಾಡಿದ್ದು ಇದನ್ನೇ. ಕೆಲಸದ ಜೊತೆಗೆ ಎರಡು ವರ್ಷ ಹಿಡಿಯಿತು. ಪೂರ್ತಿ ಪದವಿಯೇ ಬೇಕೆಂದರೆ ಪ್ರೆಸ್ಟನ್ ಹತ್ತಿರದ ಮೈರ್ಸ್‌ಕೋ ಕಾಲೇಜು ಆನ್‌ಲೈನ್‌ನಲ್ಲೇ ಕಲಿಸುತ್ತದೆ. ಆದರೆ ಪದವಿ ಮಟ್ಟಕ್ಕೆ ಹೋದರೆ ಹೊರದೇಶದವರಿಗೆ ಶುಲ್ಕದ ದರವೇ ಬೇರೆ ಇರಬಹುದು. ಅರ್ಜಿ ಹಾಕುವ ಮುನ್ನ ನಿನ್ನ ವೀಸಾ ಹೇಳಿ ಬರಹದಲ್ಲೇ ಉತ್ತರ ತರಿಸಿಕೋ. ಶಿರಸಿಯ ಪದವಿ ಇಲ್ಲಿ ಯಾವ ಮಟ್ಟಕ್ಕೆ ಸಮ ಎಂದು ಎಕ್ಟಿಸ್ ಸಂಸ್ಥೆಯಿಂದ ಪತ್ರ ಮಾಡಿಸಿಡುವುದೂ ಒಳ್ಳೆಯದು, ಕಚೇರಿ ಕೆಲಸದ ಸಂದರ್ಶನಕ್ಕೆ ಬೇಕಾಗುತ್ತದೆ.

ಈಗ ನೀನು ಕೇಳದೆ ಇರುವ ಒಂದು ಮಾತು. ನಿನಗೆ ಕಷ್ಟವಾಗುವುದು ಗೊತ್ತಿಲ್ಲದ ಸಂಗತಿಗಳಿಂದಲ್ಲ, ಗೊತ್ತಿರುವ ಸಂಗತಿಗಳಿಂದ. ಶಿರಸಿಯಲ್ಲಿ ಮರದ ಸುತ್ತಳತೆಯನ್ನು ಎಷ್ಟು ಎತ್ತರದಲ್ಲಿ ಅಳೆದೆ? 1.37 ಮೀಟರ್. ಇಲ್ಲಿಯ ಅರಣ್ಯದವರು 1.3ರಲ್ಲಿ ಅಳೆಯುತ್ತಾರೆ. ಕಟ್ಟಡ ಕಟ್ಟುವ ಜಾಗದಲ್ಲಿರುವ ಮರಗಳಿಗಾಗಿ ಬಿಎಸ್ 5837 ಎಂಬ ಮಾನದಂಡವಿದೆ, ಅದರಲ್ಲಿ 1.5. ಆ ಎತ್ತರದಲ್ಲಿ ಕಾಂಡದ ವ್ಯಾಸ ಎಷ್ಟೋ ಅದರ ಹನ್ನೆರಡು ಪಟ್ಟು ತ್ರಿಜ್ಯದ ವೃತ್ತ ಬೇರಿನ ರಕ್ಷಣಾ ವಲಯ. ವ್ಯಾಸ 50 ಸೆಂಟಿಮೀಟರ್ ಆದರೆ ಕಾಂಡದಿಂದ ಆರು ಮೀಟರ್‌ವರೆಗೆ ಅಗೆಯುವ ಯಂತ್ರ ಬರಬಾರದು. ಅಭ್ಯಾಸಬಲದಿಂದ ಶಿರಸಿಯ 1.37ರಲ್ಲೇ ಟೇಪ್ ಸುತ್ತಿದೆಯೋ, ಬುಡದ ಕಡೆ ದಪ್ಪವಾಗುವ ಮರದಲ್ಲಿ ವೃತ್ತವೇ ಹಿಗ್ಗುತ್ತದೆ, ಬಿಲ್ಡರ್ ಜಗಳಕ್ಕೆ ಬರುತ್ತಾನೆ. ಬಂದಿದ್ದಾನೆ.

ಇನ್ನೊಂದು. ನಾನು ಸಾಗರದ ಕಡೆಯವಳು. ಹಲಸಿನ ಕೊಂಬೆ ಕಡಿದರೆ ಅಪ್ಪ ಆ ಗಾಯಕ್ಕೆ ಡಾಂಬರು ಬಳಿಯುತ್ತಿದ್ದರು. ಪರೀಕ್ಷೆಯಲ್ಲಿ ನಾನೂ ಹಾಗೇ ಬರೆದೆ, ಕೊನೆಗೆ ಬೋರ್ಡೋ ಮುಲಾಮು ಎಂದೂ ಸೇರಿಸಿದೆ. ಅಂಕ ಸೊನ್ನೆ. ಅಮೆರಿಕದ ಮರವಿಜ್ಞಾನಿ ಅಲೆಕ್ಸ್ ಶೈಗೋ ಸಾವಿರಾರು ಮರಗಳನ್ನು ಸೀಳಿ ನೋಡಿ ಹೇಳಿದ್ದೇನೆಂದರೆ, ಮರದ ಗಾಯ ನಮ್ಮ ಗಾಯದ ಹಾಗೆ ಮಾಯುವುದಿಲ್ಲ. ಕೊಳೆತ ಭಾಗದ ಸುತ್ತ ಮರ ಗೋಡೆ ಕಟ್ಟಿಕೊಂಡು ಅದರಾಚೆ ಹೊಸದಾಗಿ ಬೆಳೆಯುತ್ತದೆ. ಬಳಿಯುವ ಬಣ್ಣ ಆ ಗೋಡೆಗೆ ನೆರವಾಗುವುದಿಲ್ಲ. ಕಡಿಯುವ ಜಾಗ ಮುಖ್ಯ: ಕೊಂಬೆಯ ಬುಡದಲ್ಲಿ ಉಬ್ಬಿದ ಕೊರಳಪಟ್ಟಿಯಂಥ ಭಾಗವಿರುತ್ತದಲ್ಲ, ಅದನ್ನು ಬಿಟ್ಟು ಅದರ ಹೊರಗೆ ಕಡಿಯಬೇಕು. ಹಾಗೆಂದು ಊರಿನ ತಿಳಿವಳಿಕೆ ಎಲ್ಲವೂ ದಂಡ ಎಂದುಕೊಳ್ಳಬೇಡ. ಅಡಿಕೆಯ ಕೊಳೆರೋಗ ತರುವ ಫೈಟೊಫ್ಥೊರಾದ ದಾಯಾದಿಯೇ 2009ರಿಂದ ಇಲ್ಲಿಯ ಲಾರ್ಚ್ ಮರಗಳನ್ನು ಸಾಯಿಸುತ್ತಿದೆ. ಮಳೆ, ತೇವ, ಹಾರುವ ಬೀಜಕಣ ಎಂದು ಪಾಠದಲ್ಲಿ ಬಂದಾಗ ತರಗತಿಯಲ್ಲಿ ಅರ್ಥವಾದವರು ಕಡಿಮೆ. ನನಗೆ ಆಷಾಢದ ತೋಟ ಕಣ್ಣ ಮುಂದೆ ಬಂತು.

ಹೊತ್ತಿನ ವಿಷಯ. ರಾತ್ರಿ ಓದುತ್ತೇನೆ ಎಂಬ ಆಸೆ ಬಿಡು. ನಾನು ಬೆಳಿಗ್ಗೆ ಐದೂಕಾಲರಿಂದ ಆರರವರೆಗೆ, ವಾರಕ್ಕೆ ಐದು ದಿನ ಓದುತ್ತಿದ್ದೆ. ಉಳಿದದ್ದು ಕೆಲಸದಲ್ಲೇ. ಚಳಿಗಾಲದಲ್ಲಿ ಮರಗಳೆಲ್ಲ ಬೋಳು, ಎಲೆ ನೋಡಿ ಹೆಸರು ಹೇಳುವವರು ಆಗ ಸೋಲುತ್ತಾರೆ. ಚಿಪ್ಪರ್‌ಗೆ ಹಾಕುವ ಮುನ್ನ ಒಂದೊಂದು ಗೇಣಿನ ಕಡ್ಡಿ ಮುರಿದು ಊಟದ ಡಬ್ಬಿಯಲ್ಲಿ ಇಡು. ಆಷ್ ಮರದ ಮೊಗ್ಗು ಇದ್ದಿಲಿನಷ್ಟು ಕಪ್ಪು. ಸಿಕಮೋರ್‌ನದು ಹಸಿರು. ಬೀಚ್‌ನದು ಉದ್ದ, ಚೂಪು, ದಬ್ಬಣದ ಹಾಗೆ. ಹಾರ್ಸ್ ಚೆಸ್ಟ್‌ನಟ್‌ನದು ಹಲಸಿನ ಮೇಣದಂತೆ ಕೈಗೆ ಅಂಟುತ್ತದೆ. ಬಸ್ಸಿನಲ್ಲಿ ಕುಳಿತು ನಾನು ಕಡ್ಡಿಗಳನ್ನು ಒಂದೊಂದಾಗಿ ತೆಗೆದು ನೋಡುತ್ತಿದ್ದರೆ ಪಕ್ಕದವರು ಸ್ವಲ್ಪ ಸರಿದು ಕೂರುತ್ತಿದ್ದರು. ಕಪ್ಪು ಮೊಗ್ಗಿನ ಕಡ್ಡಿ ನಿನಗೆ ಬೇಕಾದಷ್ಟು ಸಿಗುತ್ತದೆ. 2012ರಲ್ಲಿ ಈ ದೇಶದಲ್ಲಿ ಮೊದಲು ಕಂಡ ಆಷ್ ಡೈಬ್ಯಾಕ್ ರೋಗದಿಂದ ಈಗ ಎಲ್ಲ ಕಂಪನಿಗಳಿಗೂ ಒಣಗಿದ ಆಷ್ ಕಡಿಯುವುದೇ ಕೆಲಸ. ಆ ಮರ ಹಪ್ಪಳದ ಹಾಗೆ ಮುರಿಯುತ್ತದೆ, ಟಿಕೆಟ್ ಬಂದ ಖುಷಿಯಲ್ಲಿ ಮೊದಲು ಅದನ್ನೇ ಹತ್ತಲು ಹೋಗಬೇಡ.

ವರದಿಯ ಅಭ್ಯಾಸಕ್ಕೆ ಇಂದೇ ಶುರು ಮಾಡು. ನಿನ್ನ ತಂಡ ದಿನವೂ ಕಡಿಯುವ ಒಂದು ಮರದ ಬಗ್ಗೆ ಆರು ಸಾಲು: ಯಾವ ಮರ, ಎಷ್ಟು ದಪ್ಪ, ಏನು ಕಂಡಿತು, ಬಿದ್ದರೆ ಯಾರ ಮೇಲೆ, ಏನು ಮಾಡಬೇಕು, ಎಷ್ಟು ದಿನದೊಳಗೆ. ಆಮೇಲೆ ಕಡಿದ ಬುಡ ನೋಡಿ ನೀನು ಬರೆದದ್ದು ಸರಿಯೇ ಎಂದು ಪರೀಕ್ಷಿಸು. ಈ ಸೌಲಭ್ಯ ಕಚೇರಿಯಲ್ಲಿ ಕುಳಿತ ನನಗೆ ಇಲ್ಲ. ನಾನು ಬರೆದ ಮರಗಳ ಒಳಗನ್ನು ನಾನು ನೋಡುವುದೇ ಅಪರೂಪ.

ಜನವರಿಯ ಎರಡನೆಯ ಭಾನುವಾರ ನಾವು ವೆಸ್ಟನ್‌ಬರ್ಟ್ ಆರ್ಬೊರೇಟಮ್ ಎಂಬ ಮರಗಳ ತೋಟಕ್ಕೆ ಹೋಗುತ್ತೇವೆ. ಹೆಂಡತಿಗೆ ಡ್ಯೂಟಿ ಇಲ್ಲದಿದ್ದರೆ ಅವಳನ್ನೂ ಕರೆದುಕೊಂಡು ಬಾ. ಬುತ್ತಿ ನಾನು ತರುತ್ತೇನೆ, ಚಿತ್ರಾನ್ನ. ನೀನು ಟೇಪ್ ತಾ, ಹಾಗೆಯೇ ನಿನ್ನ ಕೋಟಿನ ಮೇಲೆ 1.5 ಮೀಟರ್ ಎಲ್ಲಿಗೆ ಬರುತ್ತದೆ ಎಂದು ಅಳೆದು ಒಂದು ಗುಂಡಿ ಹೊಲಿಸಿಕೊಂಡು ಬಾ. ನನ್ನದು ಕೆಂಪು ಗುಂಡಿ.