ಸೋದರಮಾವನ ಜಾಮೀನಿಗೆ ಸೊಸೆಯ ನಿದ್ದೆ ಅಡವು

ಈ ವಾರದ ಪತ್ರ ಕಾಸರಗೋಡಿನ ಪೆರ್ಲ ಕಡೆಯ ಹುಡುಗಿಯದು. ಮಂಗಳೂರಿನ ಕಾಲೇಜೊಂದರಲ್ಲಿ ಬಿ.ಎಸ್ಸಿ. ನರ್ಸಿಂಗ್ ಎರಡನೇ ವರ್ಷ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮ. ಮೂರನೇ ಸೆಮಿಸ್ಟರಿನಲ್ಲಿ ಮೈಕ್ರೊಬಯಾಲಜಿ ಫೇಲ್. ವಾರ್ಡಿನಲ್ಲಿ ಒಬ್ಬರ ಜ್ವರವನ್ನು ಪಕ್ಕದ ಹಾಸಿಗೆಯವರ ಚಾರ್ಟಿನಲ್ಲಿ ಬರೆದರಂತೆ, ಸಿಸ್ಟರ್ ಎಲ್ಲರೆದುರು ಗದರಿದರಂತೆ. ಅಂದಿನಿಂದ ಊಟ ಸೇರುವುದಿಲ್ಲ, ಪುಸ್ತಕ ತೆರೆದರೆ ಅಳು ಬರುತ್ತದೆ. ‘ನನ್ನ ಇಂಗ್ಲಿಷ್ ಸಾಲದು. ಕೋರ್ಸ್ ಬಿಟ್ಟು ಊರಿಗೆ ಹೋಗಲೇ?’ ಎಂದು ಕೇಳಿದ್ದಾರೆ.

ಇಂಗ್ಲಿಷಿನ ಸಂಕಟಕ್ಕೇ ಪತ್ರದ ಅರ್ಧ ಭಾಗ ಹೋಗಿದೆ. ಕೊನೆಯಲ್ಲಿ, ಸಹಿಗಿಂತ ಮೇಲೆ, ಒಂದು ಸಾಲು: ‘ರಾತ್ರಿ ಹತ್ತರ ಮೇಲೆ ಊರಿನವರ ಫೋನ್ ಇರುತ್ತದೆ. ಮತ್ತೆ ಓದಿ ಮಲಗುವಾಗ ಒಂದು ಗಂಟೆ. ಐದಕ್ಕೆ ಏಳಬೇಕು. ಅದು ದೊಡ್ಡ ವಿಷಯವಲ್ಲ.’

ಅದೇ ದೊಡ್ಡ ವಿಷಯ, ತಂಗಿ. ಮೊದಲ ಸೆಮಿಸ್ಟರಿನಲ್ಲಿ ಇದೇ ಇಂಗ್ಲಿಷಿನಲ್ಲಿ ಅನಾಟಮಿ, ಫಿಸಿಯಾಲಜಿ ಪಾಸು ಮಾಡಿದ್ದೀರಿ. ಆಗ ಈ ಫೋನುಗಳಿರಲಿಲ್ಲ. ಕಳೆದ ಮಳೆಗಾಲದಲ್ಲಿ ನಿಮ್ಮ ಸೋದರಮಾವ ‘ನಮ್ಮ ಹುಡುಗಿ ಮಂಗಳೂರಿನಲ್ಲೇ ಇದ್ದಾಳಲ್ಲ’ ಎಂದು ಊರಿಗೆಲ್ಲ ನಂಬರ್ ಹಂಚಿದ ಮೇಲೆ ಶುರುವಾದದ್ದು. ಯಾರದೋ ರಕ್ತಪರೀಕ್ಷೆಯ ಫೋಟೊ ಬರುತ್ತದೆ, ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಹೆಚ್ಚಾಯಿತೇ ಎಂದು ನೀವು ಹೇಳಬೇಕು. ನಾಳೆ ಬರುವ ಇನ್ನಾರಿಗೋ ಟೋಕನ್ ತೆಗೆದಿಡಬೇಕು.

ಇವರಿಗೆ ಏನು ಕೇಳಿದರೂ ನಿದ್ದೆಯೇ ಮದ್ದು ಎಂದು ಈ ಅಂಕಣದ ಹಳೆಯ ಓದುಗರು ನಗಬಹುದು. ನಗಲಿ. ಐದಕ್ಕೆ ಎದ್ದವರು ರಾತ್ರಿ ಹತ್ತಕ್ಕೆ ಹದಿನೇಳು ಗಂಟೆ ಎಚ್ಚರವಿದ್ದಂತಾಯಿತು. ಆ ಹೊತ್ತಿಗೆ ಮನುಷ್ಯನ ಚುರುಕು, 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯ ಸೇರಿದವನ ಮಟ್ಟಕ್ಕೆ ಇಳಿದಿರುತ್ತದೆಂದು ಆಸ್ಟ್ರೇಲಿಯದ ಸಂಶೋಧಕರು 1997ರಲ್ಲೇ ಅಳೆದು ತೋರಿಸಿದ್ದಾರೆ. ನಮ್ಮ ದೇಶದಲ್ಲಿ 30 ದಾಟಿದರೆ ವಾಹನ ಓಡಿಸುವುದು ಅಪರಾಧ. ನೀವು ಆ ಸ್ಥಿತಿಯಲ್ಲಿ ಇನ್ನೊಬ್ಬರ ರಿಪೋರ್ಟ್ ಓದಿ ಹೇಳುತ್ತಿದ್ದೀರಿ, ಅದಾದ ಮೇಲೆ ಮೈಕ್ರೊಬಯಾಲಜಿ ಬಾಯಿಪಾಠ ಮಾಡುತ್ತಿದ್ದೀರಿ. ಹಗಲು ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲಿ. ನಿಮ್ಮ ಪಾಲಿಗೆ ಅದು ನಾಲ್ಕೇ ಗಂಟೆ. ಸ್ನಾತಕೋತ್ತರ ವೈದ್ಯ ವಿದ್ಯಾರ್ಥಿಗಳಿಗೆ ದಿನಕ್ಕೆ 7ರಿಂದ 8 ಗಂಟೆ ನಿದ್ದೆ ಬೇಕೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ 2024ರಲ್ಲಿ ಶಿಫಾರಸು ಮಾಡಿತು. ನರ್ಸಿಂಗ್ ಓದುವವರ ಮಿದುಳನ್ನು ಬೇರೆ ಮಣ್ಣಿನಿಂದೇನೂ ಮಾಡಿಲ್ಲ. ಚಾರ್ಟಿನ ತಪ್ಪು ಈ ನಿದ್ದೆಗೇಡಿನಿಂದಲೇ ಬಂದಿರಬೇಕು. ಸಿಸ್ಟರ್ ಗದರಿದ್ದರಲ್ಲಿ ಮಾತ್ರ ನಾನು ಅವರ ಪಕ್ಷ. ರೋಗಿಗೆ ತಪ್ಪು ಮದ್ದು ಹೋಗುವ ಮೊದಲು ಯಾರಾದರೂ ಗದರಲೇಬೇಕು.

ಊರಿನವರ ಕಷ್ಟ ಸುಳ್ಳಲ್ಲ. ಕಾಸರಗೋಡು ಜಿಲ್ಲೆಯ ಉಕ್ಕಿನಡ್ಕದ ವೈದ್ಯಕೀಯ ಕಾಲೇಜಿಗೆ ಅಡಿಗಲ್ಲು ಹಾಕಿದ್ದು 2013ರಲ್ಲಿ. ಇಂದಿಗೂ ಕಾಯಿಲೆ ಸ್ವಲ್ಪ ಜೋರೆಂದರೆ ನಮ್ಮವರು ತಲಪಾಡಿಯ ಗಡಿ ದಾಟಿ ಮಂಗಳೂರಿಗೆ ಬರುತ್ತಾರೆ. 2020ರಲ್ಲಿ ಗಡಿಯ ರಸ್ತೆ ಮುಚ್ಚಿದಾಗ ಪಟ್ಟ ಪಾಡನ್ನು ಯಾರೂ ಮರೆತಿಲ್ಲ. ಆದರೆ ಸರಕಾರಗಳು ಮಾಡದೆ ಬಿಟ್ಟ ಕೆಲಸವನ್ನು ಹಾಸ್ಟೆಲಿನ ಹುಡುಗಿಯೊಬ್ಬಳ ನಿದ್ದೆಯಿಂದ ತುಂಬಿಸಲಾಗದು.

ಮಾವ ಶಿಕ್ಷಣ ಸಾಲಕ್ಕೆ ಜಾಮೀನು ನಿಂತಿದ್ದಾರೆ, ಇಲ್ಲವೆನ್ನುವುದು ಹೇಗೆ ಎಂದು ಬರೆದಿದ್ದೀರಿ. ಜಾಮೀನು ನಿಂತವರು ಒಳ್ಳೆಯ ಕೆಲಸ ಮಾಡಿದರು. ಊರಿನಲ್ಲಿ ಅದರ ಹೆಸರನ್ನು ಮಾತ್ರ ಅವರು ನಿಮ್ಮ ಖರ್ಚಿನಲ್ಲಿ ಸಂಪಾದಿಸುತ್ತಿದ್ದಾರೆ. ನೀವು ಓದು ಬಿಟ್ಟರೆ ಬ್ಯಾಂಕಿನವರು ಹೋಗುವುದು ಅವರ ಮನೆಗೂ ಹೌದು. ಇದನ್ನು ಅಮ್ಮನ ಬಾಯಿಂದ ಹೇಳಿಸಿ. ಮಾವನಿಗೆ ತಂಗಿಯ ಮಾತಿಗಿಂತ ಅಕ್ಕನ ಮಾತು ನಾಟುವುದೆಂದಾದರೆ ದೊಡ್ಡಮ್ಮನಿಂದ ಹೇಳಿಸಿ.

ಕೋರ್ಸ್ ಬಿಡುವ ಮಾತು ಈಗ ಬೇಡ. ಎರಡು ವಾರ ಹೊಟ್ಟೆತುಂಬ ನಿದ್ದೆ ಮಾಡಿದ ಮೇಲೂ ಅಳು ನಿಲ್ಲದಿದ್ದರೆ, ಅಥವಾ ಅದಕ್ಕೆ ಮೊದಲೇ ಬದುಕು ಬೇಡವೆನಿಸಿದರೆ, ತಡಮಾಡದೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತನಾಡಬಹುದು, ದುಡ್ಡು ಕೊಡಬೇಕಿಲ್ಲ.

ಮಾಡಬೇಕಾದದ್ದು ಒಂದೇ. ಹೊಸ ಸಿಮ್ ಕೊಂಡು ಅದರ ನಂಬರನ್ನು ಕಾಲೇಜಿಗೆ, ಬ್ಯಾಂಕಿಗೆ, ಅಪ್ಪ ಅಮ್ಮನಿಗೆ ಕೊಡಿ. ಹಳೆಯ ಸಿಮ್ಮನ್ನು ಈ ಶನಿವಾರ ಊರಿಗೆ ಹೋದಾಗ ನಿಮ್ಮ ಅಣ್ಣನ ಮೊಬೈಲಿಗೆ ಹಾಕಿಬಿಡಿ. ‘ಅವನಿಗೆ ಇದೆಲ್ಲ ತಿಳಿಯುವುದಿಲ್ಲ’ ಎಂದು ಬರೆದಿದ್ದೀರಿ. ಟೋಕನ್ ಸಾಲಿನಲ್ಲಿ ನಿಲ್ಲಲು ನರ್ಸಿಂಗ್ ಪದವಿ ಬೇಕಿಲ್ಲ. ಮಂಗಳೂರಿಗೆ ಬೆಳಗಿನ ಬಸ್ಸೂ ಇದೆ.