ಸಂಪಾದಕರ ಉತ್ತರ: ಹಿರಿಯರ ಪದ್ಧತಿ, ಮಗಳ ಭಯ

ಪ್ರಿಯ ಓದುಗರೇ,

ಮನೆಯವರೊಂದಿಗೆ ಮಾತನಾಡಿ ಅವರ ಮನಸ್ಸಿನ ಕಷ್ಟಗಳಿಗೆ ನೆರವಾಗುವ ಕುಟುಂಬ ಚಿಕಿತ್ಸಕರೊಬ್ಬರ ವೃತ್ತಿಜೀವನ ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ ನೀವು ಎರಡು ಪ್ರಶ್ನೆ ಕೇಳಿದ್ದೀರಿ. ಪ್ರತಿ ಕುಟುಂಬದ ಸಂಸ್ಕೃತಿಯನ್ನೂ ಗೌರವಿಸಬೇಕೆಂದರೆ ಪದ್ಧತಿಯ ಹೆಸರಿನಲ್ಲಿ ನಡೆಯುವ ಹಿಂಸೆಯನ್ನೂ ಚಿಕಿತ್ಸಕರು ಸಹಿಸಬೇಕೇ? ಇಷ್ಟು ಅನುಭವವಿರುವವರು ಪಾಠ ಹೇಳುವ ಬದಲು ಇನ್ನಷ್ಟು ಕುಟುಂಬಗಳಿಗೆ ನೆರವಾಗಬಾರದೇ?

ಮೊದಲನೆಯದಕ್ಕೆ ನನ್ನ ಉತ್ತರ: ಖಂಡಿತ ಸಹಿಸಬೇಕಾಗಿಲ್ಲ. ಮನೆಯಲ್ಲಿ ಯಾರ ಮಾತು ನಡೆಯುತ್ತದೆ, ಯಾರ ಎದುರು ಅಳುವಂತಿಲ್ಲ, ಕಷ್ಟ ಬಂದಾಗ ಮೊದಲು ಯಾರ ಬಳಿ ಹೋಗುತ್ತಾರೆ ಎಂಬುದನ್ನು ಚಿಕಿತ್ಸಕರು ಆ ಮನೆಯವರಿಂದಲೇ ಕೇಳಿ ತಿಳಿಯುತ್ತಾರೆ. ಹಾಗೆ ತಿಳಿದುಕೊಂಡ ಮಾತ್ರಕ್ಕೆ ಎಲ್ಲದಕ್ಕೂ ತಲೆಯಾಡಿಸಿದಂತೆ ಆಗುವುದಿಲ್ಲ. ‘ನಮ್ಮ ಪದ್ಧತಿಯೇ ಹೀಗೆ’ ಎಂದು ಹಿರಿಯರೊಬ್ಬರು ಹೇಳಿದಾಗ, ಅದೇ ಪದ್ಧತಿಯ ಬಗ್ಗೆ ಮಗಳು ಏನು ಹೇಳುತ್ತಾಳೆ, ಬಾಯಿ ಬಿಡಲು ಅವಳಿಗೆ ಧೈರ್ಯವಾದರೂ ಇದೆಯೇ ಎಂದು ನೋಡುವ ಕೆಲಸ ಉಳಿದೇ ಇರುತ್ತದೆ. ಹೆದರಿಕೆ, ಹೊಡೆತ ಇನ್ನೂ ನಡೆಯುತ್ತಿರುವ ಮನೆಯವರನ್ನು ಒಟ್ಟಿಗೆ ಕೂರಿಸಿ ಮಾತನಾಡಿಸುವುದು ಅಪಾಯಕಾರಿ. ಅಲ್ಲಿ ಆಡಿದ ಮಾತಿಗೆ ಅವಳು ಮನೆಯಲ್ಲಿ ಬೆಲೆ ತೆರಬೇಕಾಗಬಹುದು. ಆದ್ದರಿಂದ ಬಲ್ಲ ಚಿಕಿತ್ಸಕರು ಮೊದಲು ಒಬ್ಬೊಬ್ಬರನ್ನೇ ಬೇರೆಯಾಗಿ ಕಂಡು, ಅವಳು ಸುರಕ್ಷಿತಳೇ ಎಂದು ವಿಚಾರಿಸುತ್ತಾರೆ.

ಅಮೆರಿಕದ ಮನೋವೈದ್ಯೆ ಜುಡಿತ್ ಹರ್ಮನ್ 1992ರಲ್ಲಿ ಮಾನಸಿಕ ಆಘಾತದಿಂದ ಚೇತರಿಸಿಕೊಳ್ಳುವ ಹಂತಗಳನ್ನು ವಿವರಿಸಿದಾಗಲೂ ಸುರಕ್ಷತೆಯನ್ನೇ ಮೊದಲಿಗೆ ಇಟ್ಟರು. ನಡೆದುದನ್ನು ನೆನೆದು ದುಃಖಿಸುವುದು ಅದರ ನಂತರ, ಬದುಕಿನೊಂದಿಗೆ ಮತ್ತೆ ಬೆಸೆದುಕೊಳ್ಳುವುದು ಕೊನೆಗೆ. ಹಳೆಯ ಗಾಯವನ್ನು ಕೆದಕುತ್ತಾರೆಂದು ಚಿಕಿತ್ಸೆಗೆ ಹಿಂಜರಿಯುವವರು ಈ ಕ್ರಮವನ್ನು ಗಮನಿಸಬೇಕು. ಕಥೆಯನ್ನೆಲ್ಲ ಹೇಳಲೇಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ. ಅಮೆರಿಕದ ಮಾನಸಿಕ ಆರೋಗ್ಯ ಸೇವೆಗಳ ಸರ್ಕಾರಿ ಸಂಸ್ಥೆ ಸ್ಯಾಮ್ಸಾ (SAMHSA) 2014ರಲ್ಲಿ ಆಘಾತವನ್ನು ಅರಿತ ಆರೈಕೆಗೆ, ಅಂದರೆ ನೊಂದವರ ಹಳೆಯ ಗಾಯವನ್ನು ಮನಸ್ಸಿನಲ್ಲಿಟ್ಟುಕೊಂಡು ನೀಡುವ ಆರೈಕೆಗೆ, ಆರು ತತ್ತ್ವಗಳನ್ನು ಸೂಚಿಸಿತು. ಸುರಕ್ಷತೆಯೂ ಅದರಲ್ಲಿದೆ, ಸಂಸ್ಕೃತಿ, ಚರಿತ್ರೆ ಮತ್ತು ಲಿಂಗಭೇದದ ಅರಿವೂ ಇದೆ. ನೀವು ಎದುರುಬದುರಾಗಿ ನಿಲ್ಲಿಸಿದ ಎರಡು ಸಂಗತಿಗಳು ಅಲ್ಲಿ ಒಂದೇ ಪಟ್ಟಿಯಲ್ಲಿವೆ.

ಇನ್ನು ಬೋಧನೆ. ಇದರಲ್ಲಿ ನಾನು ನಿಮ್ಮೊಂದಿಗೆ ಗಟ್ಟಿಯಾಗಿಯೇ ಭಿನ್ನಾಭಿಪ್ರಾಯ ಹೊಂದಿದ್ದೇನೆ. ಈ ವಿದ್ಯೆ ಪುಸ್ತಕದಿಂದ ಬರುವುದಿಲ್ಲ. ಒಂದು ಕಡೆಯಿಂದ ಮಾತ್ರ ಕಾಣುವ ಏಕಮುಖ ಕನ್ನಡಿಯ ಆಚೆ ಕುಳಿತ ಗುರು, ಶಿಷ್ಯರು ಕುಟುಂಬದೊಂದಿಗೆ ಮಾತನಾಡುವುದನ್ನು ನೋಡಿ ಆಗಿಂದಾಗಲೇ ತಿದ್ದುವ ಕ್ರಮ ಕುಟುಂಬ ಚಿಕಿತ್ಸೆಯ ಹಳೆಯ ಬಲ. ಕುಟುಂಬ ಚಿಕಿತ್ಸೆಯ ಪ್ರವರ್ತಕರಲ್ಲೊಬ್ಬರಾದ ಮನೋವೈದ್ಯ ಸಾಲ್ವಡಾರ್ ಮಿನುಚಿನ್ 1960ರ ದಶಕದಲ್ಲಿ ಅಮೆರಿಕದ ಫಿಲಡೆಲ್ಫಿಯ ನಗರದ ಮಕ್ಕಳ ಮಾರ್ಗದರ್ಶನ ಚಿಕಿತ್ಸಾಲಯದ ನಿರ್ದೇಶಕರಾದರು. ಅಲ್ಲಿ ಅವರೂ ಸಹೋದ್ಯೋಗಿಗಳೂ ಬಡ ಸಮುದಾಯಗಳ, ಪದವಿಯಿಲ್ಲದ ಜನರನ್ನೇ ಆರಿಸಿ ಕುಟುಂಬಗಳೊಂದಿಗೆ ಕೆಲಸ ಮಾಡುವಂತೆ ತರಬೇತಿ ಕೊಟ್ಟರು. ಆ ಬದುಕನ್ನು ಒಳಗಿನಿಂದ ಬಲ್ಲವರೇ ಚಿಕಿತ್ಸಕರ ಕುರ್ಚಿಯಲ್ಲಿ ಕುಳಿತರು. ಎಷ್ಟೇ ಸಮರ್ಥರಾದರೂ ಒಬ್ಬರೇ ಒಂಟಿಯಾಗಿ ಇದನ್ನು ಸಾಧಿಸಲಾರರು.

1998ರಲ್ಲಿ ಮೆಲನಿ ಟೆರ್ವಲಾನ್ ಮತ್ತು ಜಾನ್ ಮರ್ರೆ-ಗಾರ್ಸಿಯಾ ಎಂಬ ವೈದ್ಯೆಯರು ಸಾಂಸ್ಕೃತಿಕ ವಿನಯದ ಬಗ್ಗೆ ಬರೆದರು. ಇನ್ನೊಂದು ಸಮುದಾಯವನ್ನು ಪೂರ್ತಿ ಕಲಿತು ಮುಗಿಸಿದೆ ಎನ್ನುವ ಹಂತ ವೈದ್ಯರಿಗೆ ಬರುವುದೇ ಇಲ್ಲ, ತನ್ನನ್ನು ತಾನು ಪರೀಕ್ಷಿಸಿಕೊಳ್ಳುವುದು ಜೀವನಪರ್ಯಂತದ ಕೆಲಸ ಎಂಬುದು ಅವರ ವಾದ. ಇದನ್ನು ಮೂವತ್ತರ ಹರೆಯದ ಶಿಷ್ಯೆಯಲ್ಲಿ ರೂಢಿಸಲು ಪಕ್ವವಾದ ಗುರು ಬೇಕು. ದಿನವೂ ಇತರರ ಸಂಕಟವನ್ನು ಕೇಳಿ ಕೇಳಿ ಚಿಕಿತ್ಸಕರೂ ಕುಗ್ಗುತ್ತಾರೆ, ನಿದ್ದೆಗೆಡುತ್ತಾರೆ. ಕೆಲವರು ವೃತ್ತಿಯನ್ನೇ ಬಿಡುತ್ತಾರೆ. ಅದನ್ನು ಮೊದಲು ಗುರುತಿಸಿ ‘ಈ ವಾರ ಹೊಸ ಕುಟುಂಬ ಬೇಡ’ ಎಂದು ಹೇಳುವವರು ಸಾಮಾನ್ಯವಾಗಿ ಮೇಲ್ವಿಚಾರಣೆಯ ಗುರುಗಳೇ.